ಮೀನು ಮಂಕಾದರೆ ಮೊದಲು ನೀರನ್ನು ನೋಡಿ

ಕೊಳದ ಗೋಲ್ಡ್‌ಫಿಶ್ ಮಂಕಾಗಿದೆ ಎಂದು ಯಾರಾದರೂ ಬಂದರೆ ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಎಷ್ಟು ಮೀನು? ಯಾವ ಹೊತ್ತಿನಲ್ಲಿ? ಎಲ್ಲವೂ ಒಮ್ಮೆಗೇ ಸೊರಗಿದ್ದರೆ ಕೆಟ್ಟಿರುವುದು ಬಹುಪಾಲು ನೀರು. ಒಂದಾದ ಮೇಲೊಂದು, ನಾಲ್ಕಾರು ದಿನಗಳಲ್ಲಿ ಸೊರಗುತ್ತಾ ಬಂದರೆ ಹರಡುವ ಕಾಯಿಲೆಯನ್ನು ಅನುಮಾನಿಸಬೇಕು. ಒಂದೇ ಮೀನು ಮೂಲೆ ಹಿಡಿದಿದ್ದರೆ ಗಾಯವೋ ಹೊಟ್ಟೆಯೊಳಗಿನ ತೊಂದರೆಯೋ ಇರಬಹುದು.

ಹೊತ್ತನ್ನು ಕೇಳುವುದಕ್ಕೂ ಕಾರಣವಿದೆ. ನಸುಕಿನಲ್ಲಿ ಮೇಲೆ ಬಂದು ಬಾಯಿ ಬಾಯಿ ಬಿಡುವ ಮೀನುಗಳು ಬಿಸಿಲೇರಿದ ಮೇಲೆ ಚೆನ್ನಾಗಿ ಓಡಾಡಿಕೊಂಡಿದ್ದರೆ ಅದು ಆಮ್ಲಜನಕದ ಕೊರತೆ. ಹಗಲು ಆಮ್ಲಜನಕ ಕೊಡುವ ಪಾಚಿಯೇ ರಾತ್ರಿ ಅದನ್ನು ಹೀರಿಕೊಳ್ಳುತ್ತದೆ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ರಾತ್ರಿಯಿಡೀ ಗಾಳಿಪಂಪು ಓಡಿಸಿ ನೋಡಿ, ಉತ್ತರ ಬೆಳಗಾಗುವುದರೊಳಗೆ ಸಿಗುತ್ತದೆ. ದಿನವಿಡೀ ಏದುಸಿರು ಬಿಡುತ್ತಿದ್ದರೆ ಮೀನಿನ ಹೊಲಸಿನಿಂದ ನೀರಿನಲ್ಲಿ ಸೇರುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಪರೀಕ್ಷೆ ಮಾಡಿ. ಎರಡೂ ಸೊನ್ನೆ ಇರಬೇಕು. ‘ಸ್ವಲ್ಪ ಇದ್ದರೆ ಪರವಾಗಿಲ್ಲ’ ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಪಾಚಿಗಟ್ಟಿದ ಕೊಳದಲ್ಲಿ ಮಧ್ಯಾಹ್ನ ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) ಏರುತ್ತದೆ, ಆಗ ಅಷ್ಟೇ ಅಮೋನಿಯಾ ಇನ್ನಷ್ಟು ವಿಷವಾಗುತ್ತದೆ. ಹಾಗಾಗಿ ಬೆಳಿಗ್ಗೆ ಒಮ್ಮೆ, ಸಂಜೆಗೆ ಮುಂಚೆ ಒಮ್ಮೆ ಅಳೆಯಿರಿ. ನಲ್ಲಿ ನೀರು ಬಿಟ್ಟ ಬೆನ್ನಲ್ಲೇ ಒದ್ದಾಟ ಶುರುವಾಗಿದ್ದರೆ ಕ್ಲೋರಿನ್ ಕೆಲಸ ಅದು.

ನೀರು ಸರಿಯಿದೆ ಎಂದು ಖಾತ್ರಿಯಾದ ಮೇಲೆ ಮೈ ನೋಡಿ. ಬಿಳಿ ಟಬ್ಬಿಗೆ ಕೊಳದ ನೀರನ್ನೇ ತುಂಬಿ ಮೀನನ್ನು ಬಿಡಿ, ಮೇಲೆ ಬಲೆ ಮುಚ್ಚಿ. ಕಾಯಿಲೆಯ ಮೀನೂ ಹಾರುತ್ತದೆ! ಮೊದಲು ಮೇಲಿನಿಂದ ನೋಡಬೇಕು. ಹೊಟ್ಟೆ ಉಬ್ಬಿ ಹುರುಪೆಗಳೆಲ್ಲ ಸೆಟೆದು ನಿಂತಿದ್ದರೆ ಮೂತ್ರಪಿಂಡ ಕೈಕೊಟ್ಟಿರುವ ಸಂಭವ ಹೆಚ್ಚು. ಸುಳ್ಳು ಭರವಸೆ ಕೊಡಲಾರೆ, ಅಂಥ ಮೀನು ಉಳಿಯುವುದು ಅಪರೂಪ. ಮೈಯಿಂದ ದಾರದ ತುಂಡು ಜೋತಾಡುತ್ತಾ ಅದರ ಬುಡ ಕೆಂಪಗಿದ್ದರೆ ಲಂಗರು ಹುಳು. ಚಪ್ಪಟೆಯಾದ, ದುಂಡಗಿನ, ಅತ್ತಿತ್ತ ಸರಿಯುವ ಚುಕ್ಕೆ ಕಂಡರೆ ಮೀನಿನ ಹೇನು. ಇವೆರಡರ ಮರಿಗಳೂ ನೀರಿನಲ್ಲಿ ಈಜುತ್ತಿರುತ್ತವೆ, ಮೀನಿನ ಮೈಯಿಂದ ಕಿತ್ತುಹಾಕಿದರೆ ಮುಗಿಯಲಿಲ್ಲ. ಹತ್ತಿಯಂತೆ ಬೆಳೆದ ಬೂಷ್ಟು ಸಾಮಾನ್ಯವಾಗಿ ಹಳೆಯ ಗಾಯದ ಮೇಲೆ ಬಂದು ಕೂರುತ್ತದೆ, ಗಾಯ ಹೇಗಾಯಿತು ಎಂದು ಹುಡುಕಿ. ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದು ಬರಿಗಣ್ಣಿಗೆ ಏನೂ ಕಾಣದಿದ್ದರೆ ಊಹೆ ಮಾಡಬೇಡಿ. ಮೈಯ ಲೋಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಲ್ಲ ಪಶುವೈದ್ಯರೇ ಬೇಕು.

ಇನ್ನು ಬಿಳಿ ಚುಕ್ಕೆ. ಇಲ್ಲಿ ನಾನೇ ಎಡವಿದ್ದೇನೆ. ಒಂದು ಮೀನಿನ ಕಿವಿರು ಮುಚ್ಚಳದ ಮೇಲೆ ಸಣ್ಣ ಬಿಳಿ ಗುಳ್ಳೆಗಳನ್ನು ಕಂಡು ಗಾಬರಿಯಾಗಿ ಇಡೀ ಕೊಳಕ್ಕೆ ಮಿಥಿಲೀನ್ ಬ್ಲೂ ಎಂಬ ನೀಲಿ ಔಷಧ ಸುರಿದೆ. ಫಿಲ್ಟರಿನಲ್ಲಿದ್ದು ಅಮೋನಿಯಾ ತಿನ್ನುತ್ತಿದ್ದ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಅಮೋನಿಯಾ ಏರಿ, ಆರೋಗ್ಯವಾಗಿದ್ದ ಮೀನುಗಳು ಹೋದವು. ಗುಳ್ಳೆಯ ಮೀನು ಮಾತ್ರ ಉಳಿಯಿತು. ಅದು ಗಂಡು, ಸಂತಾನದ ಕಾಲದಲ್ಲಿ ಗಂಡುಗಳಿಗೆ ಕಿವಿರು ಮುಚ್ಚಳದ ಮೇಲೂ ಎದೆಯ ಈಜುರೆಕ್ಕೆಯ ಮುಂಚೂಣಿ ಕಡ್ಡಿಯ ಮೇಲೂ ಹೀಗೆ ಸಾಲಾಗಿ ಗುಳ್ಳೆ ಏಳುತ್ತವೆ. ನಿಜವಾದ ಬಿಳಿ ಚುಕ್ಕೆ ರೋಗ ಉಪ್ಪು ಉದುರಿಸಿದಂತೆ ಮೈ, ಬಾಲ ಎಲ್ಲೆಂದರಲ್ಲಿ ಚೆಲ್ಲಿರುತ್ತದೆ, ದಿನದಿನಕ್ಕೆ ಹೆಚ್ಚುತ್ತದೆ. ಪರಾವಲಂಬಿ ಚರ್ಮದೊಳಗಿರುವಾಗ ಔಷಧ ತಾಗುವುದಿಲ್ಲ, ನೀರಿಗೆ ಬಿದ್ದು ಈಜುವ ಹಂತದಲ್ಲೇ ಸಾಯಬೇಕು. ಆದ್ದರಿಂದ ಚುಕ್ಕೆ ಮಾಯವಾಯಿತೆಂದು ಔಷಧ ನಿಲ್ಲಿಸಬಾರದು.

ರೋಗ ಇನ್ನೂ ಗೊತ್ತಾಗದೆ ಕೈ ಸುಮ್ಮನಿರದಿದ್ದರೆ ಮೀನಿನ ಆಹಾರ ನಿಲ್ಲಿಸಿ, ಕ್ಲೋರಿನ್ ತೆಗೆದ ನೀರಿನಿಂದ ಕಾಲು ಭಾಗ ಬದಲಿಸಿ. ಉಪ್ಪನ್ನು ಕೊಳಕ್ಕಲ್ಲ, ಕಾಯಿಲೆಯ ಮೀನಿರುವ ಬೇರೆ ತೊಟ್ಟಿಗೆ ಹಾಕಿ: ಲೀಟರಿಗೆ 3 ಗ್ರಾಂ, ಅಂದರೆ 100 ಲೀಟರಿಗೆ 300 ಗ್ರಾಂ, ಕರಗಿಸಿ, ಒಂದೆರಡು ದಿನಗಳಲ್ಲಿ ಕಂತು ಕಂತಾಗಿ. ಆ ತೊಟ್ಟಿಯ ಫಿಲ್ಟರಿನಲ್ಲಿ ಜಿಯೋಲೈಟ್ (ಅಮೋನಿಯಾ ಹೀರುವ ಕಲ್ಲು) ಇದ್ದರೆ ಮೊದಲು ಹೊರತೆಗೆಯಿರಿ. ಉಪ್ಪು ತಗುಲಿದರೆ ಅದು ಹಿಡಿದಿಟ್ಟುಕೊಂಡಿದ್ದ ಅಮೋನಿಯಾವನ್ನು ನೀರಿಗೇ ಬಿಟ್ಟುಕೊಡುತ್ತದೆ.