ಲೇತಿಗೆ ಕಡಿಮೆ ಖರ್ಚಿನಲ್ಲಿ ಹೊಸ ಚಕ್: ನನ್ನ ಅನುಭವ

ನನ್ನ ಲೇತಿನ ತ್ರೀ-ಜಾ ಚಕ್, ಅಂದರೆ ಜಾಬನ್ನು (ಕೆಲಸದ ತುಂಡನ್ನು) ಮೂರು ಜಾಗಳಿಂದ (ದವಡೆಗಳಿಂದ) ಹಿಡಿದು ತಿರುಗಿಸುವ ಭಾಗ, ಹೋಗಿದೆ ಎಂದು ನನಗೆ ಮೊದಲು ಅನ್ನಿಸಲೇ ಇಲ್ಲ. 25 ಮಿ.ಮೀ. ರಾಡಿನ ಒಂದು ತುದಿ ಟರ್ನ್ ಮಾಡಿ, ತಿರುಗಿಸಿ ಹಿಡಿದು ಇನ್ನೊಂದು ತುದಿ ಮಾಡಿದರೆ ನಡುವೆ ಉಗುರಿಗೆ ಸಿಗುವಷ್ಟು ಮೆಟ್ಟಿಲು ಉಳಿಯುತ್ತಿತ್ತು. ಪಾರ್ಟಿಂಗ್ ಮಾಡುವಾಗ, ಅಂದರೆ ತುಂಡನ್ನು ರಾಡಿನಿಂದ ಕತ್ತರಿಸುವಾಗ, ಲೇತ್ ಇಡೀ ನಡುಗುತ್ತಿತ್ತು. ಚಕ್ ತಿರುಗಿಸುವ ಸ್ಪಿಂಡಲ್ಲಿನ ಬೇರಿಂಗ್ ಸಡಿಲವಾಗಿದೆ ಎಂದುಕೊಂಡು ಎರಡು ದಿನ ಹೆಡ್‌ಸ್ಟಾಕ್ (ಸ್ಪಿಂಡಲ್ ಇರುವ ಭಾಗ) ಜೊತೆ ಗುದ್ದಾಡಿದೆ. ಆ ಎರಡು ದಿನ ಉಳಿಸಬಹುದಿತ್ತು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಚಕ್ ಬಿಚ್ಚಿಟ್ಟು, ಸ್ಪಿಂಡಲ್ಲಿನ ಒಳಗಿನ ಟೇಪರ್‌ಗೆ ಡಯಲ್ ಗೇಜ್ ಮುಟ್ಟಿಸಿ ಕೈಯಿಂದ ತಿರುಗಿಸಿದೆ. ಮುಳ್ಳು 0.01 ಮಿ.ಮೀ. ದಾಟಲಿಲ್ಲ. ಚಕ್ ಕೂರುವ ಹೊರಗಿನ ರಿಜಿಸ್ಟರ್ ಮೇಲೂ ಅಷ್ಟೇ. ಅಂದರೆ ಸ್ಪಿಂಡಲ್ ಚೆನ್ನಾಗಿದೆ. ಮತ್ತೆ ಚಕ್ ಹಾಕಿ, ಗ್ರೈಂಡ್ ಮಾಡಿದ ನೇರವಾದ ರಾಡ್ ಹಿಡಿದೆ. ಜಾ ಪಕ್ಕದಲ್ಲಿ 0.12, ಅಲ್ಲಿಂದ 100 ಮಿ.ಮೀ. ಆಚೆ 0.35. ದೂರ ಹೋದಷ್ಟೂ ಔಟ್ (ತಿರುಗುವಾಗ ಸೆಂಟರ್ ತಪ್ಪುವ ಅಳತೆ) ಹೀಗೆ ಬೆಳೆಯುತ್ತಿದ್ದರೆ ರಾಡ್ ಓರೆಯಾಗಿ ಕೂತಿದೆ ಎಂದರ್ಥ. ತೆಳು ಕಾಗದದ ಪಟ್ಟಿಯನ್ನು ಜಾ ತುದಿಗೂ ರಾಡಿಗೂ ನಡುವೆ ಇಟ್ಟು ಬಿಗಿಮಾಡಿದೆ. ಎಳೆದರೆ ಸುಲಭವಾಗಿ ಈಚೆ ಬಂತು. ಜಾಗಳು ಬಾಯಿಯ ಕಡೆ ಸವೆದು ಗಂಟೆಯ ಹಾಗೆ ಅಗಲವಾಗಿದ್ದವು. ರಾಡನ್ನು ಹಿಂದಿನ ಭಾಗದಲ್ಲಿ ಮಾತ್ರ ಹಿಡಿಯುತ್ತಿದ್ದವು. ಪಾರ್ಟಿಂಗ್‌ನಲ್ಲಿ ನಡುಕ ಬರುತ್ತಿದ್ದದ್ದೂ ಇದರಿಂದಲೇ.

ಹೊಸದು ತರುವ ಮೊದಲು ಇದ್ದದ್ದನ್ನೇ ಸರಿಮಾಡಲು ನೋಡಿದೆ. ಜಾಗಳಿಗೆ ಕೆಲಸದ ವೇಳೆ ಬೀಳುವ ಒತ್ತಡದ ದಿಕ್ಕಿನಲ್ಲೇ ಒತ್ತಡ ಬರುವಂತೆ ಒಂದು ರಿಂಗ್ ಸಿಕ್ಕಿಸಿ, ಟೂಲ್ ಪೋಸ್ಟಿಗೆ ಸಣ್ಣ ಗ್ರೈಂಡರ್ ಕಟ್ಟಿ ಜಾ ಮುಖ ಗ್ರೈಂಡ್ ಮಾಡಿದೆ. ಲೇತಿನ ಬೆಡ್ (ಕೆಳಗಿನ ಹಳಿ) ಮೇಲೆ ಒದ್ದೆ ಬಟ್ಟೆ ಮುಚ್ಚಿದ್ದೆ, ಗ್ರೈಂಡಿಂಗ್ ಧೂಳು ಬೆಡ್ಡಿಗೆ ಬಿದ್ದರೆ ಅದು ಮರಳುಕಾಗದದ ಕೆಲಸ ಮಾಡುತ್ತದೆ. 25 ಮಿ.ಮೀ.ಗೆ ಫಲಿತಾಂಶ ಚೆನ್ನಾಗಿ ಬಂತು. ಆದರೆ 50 ಮಿ.ಮೀ. ರಾಡ್ ಹಿಡಿದರೆ ಮತ್ತೆ 0.2 ಔಟ್. ಒಳಗಿನ ಸ್ಕ್ರೋಲ್ (ಮೂರೂ ಜಾಗಳನ್ನು ಒಟ್ಟಿಗೆ ಸರಿಸುವ ಸುರುಳಿ ತಟ್ಟೆ) ಸವೆದಿತ್ತು, ಜಾಗಳು ತಮ್ಮ ತೋಡಿನಲ್ಲಿ ಕೈಗೆ ಗೊತ್ತಾಗುವಷ್ಟು ಅಲ್ಲಾಡುತ್ತಿದ್ದವು. ಜಾ ಸವೆತವನ್ನು ಗ್ರೈಂಡಿಂಗ್ ತೆಗೆಯುತ್ತದೆ, ಸ್ಕ್ರೋಲ್ ಸವೆತವನ್ನು ಅಲ್ಲ. ಹೊಸ ಚಕ್ ಬೇಕೇ ಬೇಕು ಎಂದು ಆಗ ಖಾತ್ರಿಯಾಯಿತು.

ಇಲ್ಲೊಂದು ಮಾತು. ನನ್ನ ಹತ್ತಿರ ಆಗಲೇ ಒಂದು ಫೋರ್-ಜಾ ಇಂಡಿಪೆಂಡೆಂಟ್ ಚಕ್ ಇತ್ತು. ಒಂದೇ ಚಕ್ ಕೊಳ್ಳುವಷ್ಟು ಹಣ ಇರುವವರು ಯಾರಾದರೂ ಕೇಳಿದರೆ, ಮೊದಲು ಫೋರ್-ಜಾ ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ. ಅದರಲ್ಲಿ ಸ್ಕ್ರೋಲ್ ಇಲ್ಲ. ಪ್ರತಿ ಜಾಗೂ ಅದರದೇ ಸ್ಕ್ರೂ. ಹಾಗಾಗಿ ಅಗ್ಗದ ಚಕ್ಕಿನಲ್ಲೂ ಡಯಲ್ ಗೇಜ್ ಇಟ್ಟು ಎದುರುಬದುರು ಜಾಗಳನ್ನು ಸರಿಮಾಡುತ್ತಾ ಹೋದರೆ 0.01ಕ್ಕೆ ತರಬಹುದು. ಚೌಕ, ಸೊಟ್ಟಗಿನ ಕಾಸ್ಟಿಂಗ್, ಎಕ್ಸೆಂಟ್ರಿಕ್ (ಸೆಂಟರ್ ತಪ್ಪಿಸಿ ಮಾಡುವ) ಜಾಬ್, ಎಲ್ಲವನ್ನೂ ಹಿಡಿಯುತ್ತದೆ. ಶುರುವಿನಲ್ಲಿ ಸೆಂಟರ್ ಮಾಡಲು ಹದಿನೈದು ನಿಮಿಷ ಬೇಕಾಗುತ್ತಿತ್ತು, ಈಗ ಎರಡು ಮೂರು ನಿಮಿಷ ಸಾಕು. ತ್ರೀ-ಜಾ ಇಲ್ಲದ ಆ ವಾರಗಳಲ್ಲಿ ನಾನು ಅದರಲ್ಲೇ ಎಲ್ಲಾ ಕೆಲಸ ಮಾಡಿದೆ. ಬೇಗ ಬೇಗ ರಾಡ್ ಬದಲಿಸುವ ಕೆಲಸಕ್ಕೆ ಮಾತ್ರ ತ್ರೀ-ಜಾ ಇಲ್ಲದೆ ಕೈ ಕಟ್ಟಿದ ಹಾಗಾಗಿತ್ತು.

ಸೆಕೆಂಡ್ ಹ್ಯಾಂಡ್ ಕೂಡ ನೋಡಿದೆ. ಒಂದರಲ್ಲಿ ಮೂರು ಜಾಗಳ ಮೇಲಿನ ಸೀರಿಯಲ್ ನಂಬರ್ ಒಂದಕ್ಕೊಂದು ಹೊಂದುತ್ತಿರಲಿಲ್ಲ, ಬೇರೆ ಬೇರೆ ಚಕ್ಕಿನಿಂದ ಕೂಡಿಸಿದ ಜಾಗಳು. ಅಂಥದ್ದು ಎಂದಿಗೂ ಸೆಂಟರಿಗೆ ಬರುವುದಿಲ್ಲ. ಇನ್ನೊಂದರ ಜಾ ಹಲ್ಲು ಒಂದು ಕಡೆ ಮುರಿದಿತ್ತು. ಮೂರನೆಯದು ಹೊರಗೆ ಫಳಫಳ ಹೊಳೆಯುತ್ತಿತ್ತು, ಆದರೆ ಕಾಗದದ ಪರೀಕ್ಷೆಯಲ್ಲೇ ಸೋತಿತು. ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಗ್ರೈಂಡ್ ಮಾಡಿದ ತುಂಡು ರಾಡ್ ಇದ್ದರೆ ಸಾಕು. ಅದನ್ನು ಹಿಡಿದು ಬೆಳಕಿಗೆ ಎತ್ತಿ ನೋಡಿ, ಜಾ ತುದಿಯಲ್ಲಿ ಸಂದು ಕಂಡರೆ ಬಿಟ್ಟುಬಿಡಿ. ಈ ಮೂರೂ ನೋಡಿದ ಮೇಲೆ ಹೊಸದನ್ನೇ ತರಲು ಮನಸ್ಸು ಮಾಡಿದೆ, ಆದರೆ ಸಾಧಾರಣ ದರ್ಜೆಯದು.

ಅಳತೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಹಳೇದು 200 ಮಿ.ಮೀ. ಇತ್ತು, ಸುಮ್ನೆ ಅದನ್ನೇ ಮತ್ತೆ ತರುವುದು ಸುಲಭ ಅಲ್ವಾ? ನಾನು 160 ಮಿ.ಮೀ. ತಂದೆ. ನನ್ನ ಲೇತಿನ ಸ್ವಿಂಗ್ (ತಿರುಗಿಸಬಹುದಾದ ಗರಿಷ್ಠ ವ್ಯಾಸ) 330 ಮಿ.ಮೀ., ಆದರೆ ನಾನು ಹಿಡಿಯುವ ಜಾಬುಗಳಲ್ಲಿ ಮುಕ್ಕಾಲು ಪಾಲು 80 ಮಿ.ಮೀ. ಒಳಗಿನವು. 200ರ ಚಕ್ ಸುಮಾರು 15 ಕೆ.ಜಿ. ತೂಗುತ್ತದೆ, 160ರದ್ದು ಸುಮಾರು 8–9. ಆ ವ್ಯತ್ಯಾಸ ಪ್ರತಿ ಸಲ ಎತ್ತಿ ಕೂರಿಸುವ ಬೆನ್ನಿಗೂ ಗೊತ್ತಾಗುತ್ತದೆ, ಸ್ಪಿಂಡಲ್ ಬೇರಿಂಗಿಗೂ ಗೊತ್ತಾಗುತ್ತದೆ. ಮೋಟಾರ್ ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ. ಕ್ಯಾರೇಜ್ (ಟೂಲ್ ಹೊತ್ತು ಸರಿಯುವ ಭಾಗ) ಚಕ್ ಪಕ್ಕಕ್ಕೆ ಬಂದಾಗ ಜಾಗ ಜಾಸ್ತಿ ಸಿಗುತ್ತದೆ. ನೋಡಬೇಕಾದ ಇನ್ನೊಂದು ಅಳತೆ ಚಕ್ ನಡುವಿನ ತೂತು. ನನ್ನ ಸ್ಪಿಂಡಲ್ ತೂತು 35 ಮಿ.ಮೀ., ಈ ಚಕ್ಕಿನದು 40. ಅದಕ್ಕಿಂತ ಚಿಕ್ಕ ಚಕ್ ತಂದಿದ್ದರೆ ಸ್ಪಿಂಡಲ್ಲಿನಲ್ಲಿ ಹಾಯುವ ರಾಡ್ ಚಕ್ಕಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಚಕ್ಕಿನ ಬಾಡಿ ಬೀಡಿನದು (ಎರಕದ ಕಬ್ಬಿಣದ್ದು) ಸಾಕು ಎಂದು ತೀರ್ಮಾನಿಸಿದೆ. ಉಕ್ಕಿನ ಬಾಡಿ ಗಟ್ಟಿ, ಜಾಸ್ತಿ ವೇಗ ತಡೆಯುತ್ತದೆ, ಬೆಲೆಯೂ ಜಾಸ್ತಿ. ನನ್ನ ಲೇತ್ ಅಷ್ಟು ವೇಗ ಓಡುವುದೇ ಇಲ್ಲ. ಚಕ್ಕಿಗೆ ತಯಾರಕರು ಕೊಟ್ಟ ಗರಿಷ್ಠ ಆರ್‌ಪಿಎಂ ಎಷ್ಟು, ನಿಮ್ಮ ಲೇತಿನ ಗರಿಷ್ಠ ಎಷ್ಟು ಎಂದು ನೋಡಿಕೊಳ್ಳಿ. ಇದರಲ್ಲಿ ರಾಜಿ ಬೇಡ, ಅಂಚಿನಲ್ಲಿ ಹೊರಗೆ ಚಾಚಿದ ಜಾ ವೇಗಕ್ಕೆ ಹಿಡಿತ ಬಿಡುತ್ತದೆ.

ಉಳಿಸಿದ ಹಣ ಜಾಗಳಿಗೆ ಹೋಯಿತು. ಒಂದೇ ತುಂಡಿನ ಒಳ ಜಾ, ಹೊರ ಜಾ ಎರಡು ಸೆಟ್ ಬರುವ ಚಕ್ ಅಗ್ಗ. ನಾನು ಕೆಳಗಿನ ಭಾಗಕ್ಕೆ ಮೇಲಿನ ಭಾಗ ಬೋಲ್ಟ್ ಆಗುವ ಎರಡು ತುಂಡಿನ ಜಾ ತಂದೆ. ಮೇಲಿನದನ್ನು ತಿರುಗಿಸಿ ಹಾಕಿದರೆ ಹೊರ ಜಾ ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದರ ಬದಲು ಸಾಫ್ಟ್ ಜಾ (ಗಡಸು ಮಾಡದ, ಕಡಿಯಬಹುದಾದ ಜಾ) ಹಾಕಬಹುದು. ಸಾಫ್ಟ್ ಜಾವನ್ನು ಅದೇ ಲೇತಿನಲ್ಲಿ, ಅದೇ ಜಾಬಿನ ಅಳತೆಗೆ ಬೋರ್ ಮಾಡಿದರೆ ಸ್ಕ್ರೋಲ್ ಎಷ್ಟೇ ಸಾಧಾರಣವಾಗಿರಲಿ, ಆ ಅಳತೆಯಲ್ಲಿ ಜಾಬ್ ಸೆಂಟರಿಗೆ ಕೂರುತ್ತದೆ. ಒಂದೇ ಥರದ ಐವತ್ತು ಬುಶ್ ಮಾಡುವಾಗ ಇದರ ಬೆಲೆ ತಿಳಿಯುತ್ತದೆ. ಒಂದು ತುಂಡಿನ ಜಾ ಇದಕ್ಕಿಂತ ಗಟ್ಟಿ, ಮುಂದಕ್ಕೆ ಕಡಿಮೆ ಚಾಚುತ್ತದೆ ಎನ್ನುವುದೂ ನಿಜ.

ಈಗ ಎಲ್ಲಕ್ಕಿಂತ ಮುಖ್ಯವಾದ ಭಾಗ, ಚಕ್ಕನ್ನು ಸ್ಪಿಂಡಲ್ಲಿಗೆ ಜೋಡಿಸುವ ಬ್ಯಾಕ್ ಪ್ಲೇಟ್. ಅಗ್ಗದ ಚಕ್ ಚೆನ್ನಾಗಿ ಕೆಲಸ ಮಾಡುವುದೂ ದುಬಾರಿ ಚಕ್ ಹಾಳಾಗಿ ಓಡುವುದೂ ಇಲ್ಲೇ.

ನನ್ನದು ಥ್ರೆಡ್ ಇರುವ ಸ್ಪಿಂಡಲ್: 2¼ ಇಂಚು, ಇಂಚಿಗೆ 8 ಎಳೆ. ಕ್ಯಾಲಿಪರ್‌ನಲ್ಲಿ ಹೊರ ಅಳತೆ, ಪಿಚ್ ಗೇಜಿನಲ್ಲಿ ಎಳೆ, ಮತ್ತೆ ಥ್ರೆಡ್ಡಿನ ಹಿಂದಿರುವ ನುಣುಪಾದ ರಿಜಿಸ್ಟರ್, ಈ ಮೂರನ್ನೂ ಅಳೆದುಕೊಂಡೆ. ಥ್ರೆಡ್ ಬರೀ ಎಳೆದು ಹಿಡಿಯುತ್ತದೆ. ಸೆಂಟರ್ ಮಾಡುವುದು ರಿಜಿಸ್ಟರ್ ಮತ್ತು ಅದರ ಹಿಂದಿನ ಮುಖ. ಕ್ಯಾಮ್‌ಲಾಕ್ ಸ್ಪಿಂಡಲ್ (ಥ್ರೆಡ್ ಬದಲು ಪಿನ್‌ಗಳಿಂದ ಚಕ್ ಹಿಡಿಯುವಂಥದ್ದು) ಇರುವವರು ಒಂದು ವಿಷಯ ಗಮನಿಸಬೇಕು. ಅದರ ಡಿ1-3, ಡಿ1-4 ಎಂಬ ಎರಡು ಅಳತೆಗಳಲ್ಲೂ ಮೂರೇ ಪಿನ್, ನೋಡಿದರೆ ಒಂದೇ ಅನ್ನಿಸುತ್ತವೆ. ಆದರೆ ಟೇಪರ್‌ನ ವ್ಯಾಸ ಮೊದಲನೆಯದರಲ್ಲಿ ಸುಮಾರು 54 ಮಿ.ಮೀ., ಎರಡನೆಯದರಲ್ಲಿ ಸುಮಾರು 63.5. ಅಳೆಯದೆ ತಂದರೆ ವಾಪಸ್ ಕಳಿಸುವ ಕೆಲಸ ಗ್ಯಾರಂಟಿ.

ಚಕ್ ಹಿಂಬದಿ ಸಾದಾ ಇರುವುದನ್ನೇ, ಅಂದರೆ ಬ್ಯಾಕ್ ಪ್ಲೇಟಿಗೆ ಬೋಲ್ಟ್ ಆಗುವಂಥದ್ದನ್ನೇ ಆರಿಸಿದೆ. ಅದು ಅಗ್ಗ. ನಾಳೆ ಲೇತ್ ಬದಲಾದರೆ ಬ್ಯಾಕ್ ಪ್ಲೇಟ್ ಮಾತ್ರ ಬದಲಿಸಿದರೆ ಸಾಕು. ಬೀಡಿನ ಒರಟು ಕಾಸ್ಟಿಂಗ್ ಒಂದನ್ನು ತಂದು ಫೋರ್-ಜಾದಲ್ಲಿ ಹಿಡಿದು ಬೋರ್ ಮಾಡಿ ಥ್ರೆಡ್ ಹಾಕಿದೆ. ಇಲ್ಲೊಂದು ತೊಡಕಿದೆ. ಥ್ರೆಡ್ ಸರಿಯಾಗಿ ಬಂತೇ ಎಂದು ಸ್ಪಿಂಡಲ್ಲಿಗೆ ಹಾಕಿ ನೋಡುವ ಹಾಗಿಲ್ಲ, ಸ್ಪಿಂಡಲ್ ಮೇಲೆ ಫೋರ್-ಜಾ ಕೂತಿದೆಯಲ್ಲ! ಅದಕ್ಕೆ ಮೊದಲೇ ಎಂಎಸ್ (ಮೆದು ಉಕ್ಕಿನ) ರಾಡಿನಲ್ಲಿ ಸ್ಪಿಂಡಲ್ ಮೂತಿಯ ತದ್ರೂಪು ಒಂದನ್ನು ಸೆಂಟರುಗಳ ನಡುವೆ ಟರ್ನ್ ಮಾಡಿ ಗೇಜ್ ಮಾಡಿಟ್ಟುಕೊಂಡಿದ್ದೆ. ಅದಕ್ಕೆ ಅರ್ಧ ದಿನ ಹಿಡಿಯಿತು. ಮುಂದೆ ಎಷ್ಟು ಬ್ಯಾಕ್ ಪ್ಲೇಟ್ ಮಾಡಿದರೂ ಅದು ಉಪಯೋಗಕ್ಕೆ ಬರುತ್ತದೆ.

ಥ್ರೆಡ್ ಮುಗಿದ ಮೇಲೆ ಫೋರ್-ಜಾ ತೆಗೆದು, ಪ್ಲೇಟನ್ನು ಸ್ಪಿಂಡಲ್ಲಿಗೇ ಹಾಕಿ, ಮುಂಭಾಗವನ್ನು ಅಲ್ಲೇ ಫೇಸ್ ಮಾಡಿದೆ (ಸಮತಟ್ಟಾಗಿ ಕಡಿದೆ). ಹೀಗೆ ಮಾಡಿದ್ದರಿಂದ ಆ ಮುಖ ಈ ಸ್ಪಿಂಡಲ್ಲಿಗೆ ಸರಿಯಾಗಿಯೇ ಇರುತ್ತದೆ. ಚಕ್ ಹಿಂದಿನ ಗುಳಿ 130 ಮಿ.ಮೀ. ಅದಕ್ಕೆ ಕೂರುವ ಮೆಟ್ಟಿಲನ್ನು ಬಿಗಿಯಾಗಿ ಮಾಡಬೇಕು ಎನ್ನುವವರು ಇದ್ದಾರೆ. ನಾನು ಬೇಕಂತಲೇ 129.8 ಮಾಡಿದೆ. ಸುತ್ತಲೂ 0.1 ಮಿ.ಮೀ. ಸಂದು ಉಳಿದರೆ ಚಕ್ಕನ್ನು ತಟ್ಟಿ ಸೆಂಟರಿಗೆ ತರಬಹುದು. ಬಿಗಿಯಾಗಿ ಮಾಡಿದರೆ ಚಕ್ ಒಳಗಿನ ತಪ್ಪು ಎಷ್ಟಿದೆಯೋ ಅಷ್ಟೂ ನಮ್ಮ ಪಾಲಿಗೆ. ಮೆಟ್ಟಿಲಿನ ಎತ್ತರ ಗುಳಿಯ ಆಳಕ್ಕಿಂತ ಒಂದು ಮಿ.ಮೀ. ಕಡಿಮೆ ಇಟ್ಟೆ, ಯಾಕೆಂದರೆ ಚಕ್ ಕೂರಬೇಕಾದ್ದು ಹೊರಗಿನ ಅಗಲ ಮುಖದ ಮೇಲೆ, ಗುಳಿಯ ತಳದ ಮೇಲಲ್ಲ. ಎಂ8 ಬೋಲ್ಟಿಗೆ ತೂತು 9 ಮಿ.ಮೀ. ಕೊರೆದೆ, ಜರುಗಿಸಲು ಜಾಗ ಬೇಕಲ್ಲ.

ಚಕ್ಕನ್ನು ಪ್ಯಾಕಿಂಗಿನಿಂದ ತೆಗೆದು ಹಾಗೇ ಹಾಕಲಿಲ್ಲ. ಪೂರ್ತಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆ. ಸ್ಕ್ರೋಲ್ ಸಂದಿನಲ್ಲಿ ಗ್ರೈಂಡಿಂಗ್ ಕೆಸರು ಕಪ್ಪಗೆ ಕೂತಿತ್ತು. ಸ್ಕ್ರೋಲ್ ಶುರುವಾಗುವ ತುದಿಯಲ್ಲಿ ಚೂಪು ಬರ್ (ಕಡಿದಾಗ ಅಂಚಿನಲ್ಲಿ ಉಳಿಯುವ ಲೋಹದ ಸಿಬಿರು) ಇತ್ತು, ಅದನ್ನು ಎಣ್ಣೆಕಲ್ಲಿನಲ್ಲಿ ಉಜ್ಜಿ ತೆಗೆದೆ. ಗ್ರೀಸ್ ತೆಳುವಾಗಿ ಸವರಿದರೆ ಸಾಕು, ಜಾಸ್ತಿ ಹಚ್ಚಿದರೆ ಅದೇ ಲೋಹದ ಚೂರುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಜಾಗಳನ್ನು 1, 2, 3 ಎಂಬ ಕ್ರಮದಲ್ಲೇ ಹಾಕಬೇಕು, ಸ್ಕ್ರೋಲ್ ತುದಿ ಮೊದಲ ತೋಡಿನ ಬಳಿ ಬಂದಾಗ ಒಂದನೆಯದು, ಹೀಗೆ.

ಮೊದಲ ಸಲ ಕೂರಿಸಿದಾಗ ಔಟ್ 0.09 ಇತ್ತು. ತಟ್ಟಿ ಸರಿಮಾಡಿದೆ. ಬೋಲ್ಟ್ ಪೂರ್ತಿ ಬಿಗಿಮಾಡಿದರೆ ಮತ್ತೆ ಬದಲಾಯಿತು. ನಾಲ್ಕು ಸಲ ಹೀಗೇ ಆಯಿತು, ಪ್ರತಿ ಸಲ ಬೇರೆ ಬೇರೆ ಅಂಕಿ. ಕೊನೆಗೆ ಬಿಚ್ಚಿ ಪ್ಲೇಟಿನ ಮುಖದ ಮೇಲೆ ಬೆರಳಾಡಿಸಿದೆ. ಒಂದು ಬೋಲ್ಟ್ ತೂತಿನ ಅಂಚಿನಲ್ಲಿ ಡ್ರಿಲ್ ಬಿಟ್ಟ ಬರ್ ಹಾಗೇ ಉಳಿದಿತ್ತು. ಕಣ್ಣಿಗೆ ಕಾಣುವಂತಿರಲಿಲ್ಲ, ಆದರೆ ಚಕ್ಕನ್ನು ಎತ್ತಿ ಹಿಡಿಯುತ್ತಿತ್ತು. ಮೂರೂ ತೂತಿನ ಬಾಯಿ ಕೌಂಟರ್‌ಸಿಂಕ್ ಮಾಡಿ, ಎರಡೂ ಮುಖ ಒರೆಸಿ ಕೂರಿಸಿದ ಮೇಲೆ ಅಂಕಿ ನಿಂತಿತು.

ತಟ್ಟುವ ವಿಧಾನ ಹೀಗೆ. ಬೋಲ್ಟ್‌ಗಳನ್ನು ಸ್ವಲ್ಪ ಮಾತ್ರ ಬಿಗಿಮಾಡಿ, ಗ್ರೈಂಡ್ ಮಾಡಿದ 25 ಮಿ.ಮೀ. ರಾಡ್ ಹಿಡಿದು, ಡಯಲ್ ಗೇಜಿನಲ್ಲಿ ಎತ್ತರದ ಜಾಗ ಹುಡುಕಿ, ಅಲ್ಲಿ ಚಕ್ಕಿನ ಮೈಗೆ ತಾಮ್ರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು. ಅರ್ಧ ಗಂಟೆಯಲ್ಲಿ 0.01ಕ್ಕೆ ಬಂತು. ಆಮೇಲೆ ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿಮಾಡಿ ಮತ್ತೆ ನೋಡಿದೆ.

ಅಲ್ಲಿಗೇ ಎಲ್ಲ ಅಳತೆಯಲ್ಲೂ 0.01 ಸಿಗುತ್ತದೆ ಎಂದಲ್ಲ. 50 ಮಿ.ಮೀ. ರಾಡಿನಲ್ಲಿ 0.04, 12 ಮಿ.ಮೀ.ಯಲ್ಲಿ 0.06 ಬಂತು. ಅದು ಸ್ಕ್ರೋಲಿನ ತಪ್ಪು, ಜಾ ಇರುವ ಸ್ಥಾನಕ್ಕೆ ತಕ್ಕಂತೆ ಬದಲಾಗುತ್ತದೆ. ಸಾಧಾರಣ ತ್ರೀ-ಜಾಗೆ ಇದು ಒಳ್ಳೆಯ ಅಂಕಿ. ಅದಕ್ಕೇ ನಾನು ಜಾಸ್ತಿ ಹಿಡಿಯುವ ಅಳತೆಯಲ್ಲಿ ಸೆಂಟರ್ ಮಾಡಿದ್ದು. ಚಕ್ ಕೀ ಹಾಕುವ ಮೂರು ಕಡೆಯಿಂದಲೂ ಬಿಗಿಮಾಡಿ ನೋಡಿದಾಗ ಒಂದರಲ್ಲಿ ಮಾತ್ರ ಔಟ್ ಯಾವಾಗಲೂ ಕಡಿಮೆ ಬರುತ್ತಿತ್ತು. ಅದರ ಪಕ್ಕ ಪಂಚಿನಲ್ಲಿ ಒಂದು ಚುಕ್ಕೆ ಹೊಡೆದೆ. ಕೊನೆಯ ಬಿಗಿ ಯಾವಾಗಲೂ ಆ ಚುಕ್ಕೆಯ ಕಡೆಯಿಂದಲೇ.

ಭಾರೀ ಕಟ್ ತೆಗೆದ ಮೇಲೆ, ಅದರಲ್ಲೂ ಚೌಕ ತುಂಡಿನ ಮೇಲೆ ಟೂಲ್ ಬಡಿಯುತ್ತಾ ಹೋದ ದಿನ, ಸಂಜೆ ಮತ್ತೆ ರಾಡ್ ಹಿಡಿದು ಗೇಜ್ ಮುಟ್ಟಿಸುತ್ತೇನೆ. ಸಂದು ಬಿಟ್ಟು ಕೂರಿಸಿದ ಚಕ್ಕಿಗೆ ಈ ಎಚ್ಚರ ಬೇಕು. ಇದುವರೆಗೆ ಒಂದು ಸಲ 0.03ಕ್ಕೆ ಜರುಗಿತ್ತು, ಮತ್ತೆ ತಟ್ಟಿ ತಂದೆ. ಹಳೇ 200ರ ಚಕ್ ಈಗ ಡ್ರಿಲ್ಲಿಂಗ್ ಮಷೀನಿನ ಟೇಬಲ್ ಮೇಲೆ ಮಲಗಿದೆ, ದುಂಡು ಜಾಬುಗಳನ್ನು ನೆಟ್ಟಗೆ ಹಿಡಿಯಲು.