ಟಾಕಿಯಲ್ಲಿ ಮುಳುಗಿ ಏಳುವ ಜಲಾಶ್ವ ಮಾದರಿ

ಅಮೆರಿಕ ನೌಕಾಪಡೆಯಲ್ಲಿ 1971ರಿಂದ ‘ಟ್ರೆಂಟನ್’ ಆಗಿದ್ದ ಹಡಗನ್ನು ಭಾರತ ಕೊಂಡು, 2007ರ ಜೂನ್ 22ರಂದು ವಿಶಾಖಪಟ್ಟಣದಲ್ಲಿ ‘ಐಎನ್ಎಸ್ ಜಲಾಶ್ವ’ವಾಗಿ ಸೇವೆಗಿಳಿಸಿತು. ಹಿಂಭಾಗವನ್ನು ನೀರಿಗೆ ತಗ್ಗಿಸಿ ಹೊಟ್ಟೆಯೊಳಗಿನ ದೋಣಿಗಳನ್ನು ಹೊರಬಿಡುವುದು ಇದರ ಕಸುಬು. ವಿಜ್ಞಾನ ಪ್ರದರ್ಶನದಲ್ಲಿ ಅದನ್ನೇ ತೋರಿಸಿ. ಬರೀ ಆಕಾರ ಯಾರಾದರೂ ಮಾಡುತ್ತಾರೆ.

1:200 ಅಳತೆಗೆ 173.7 ಮೀಟರ್ ಹಡಗು 87 ಸೆಂ.ಮೀ. ಆಗುತ್ತದೆ, ಅಗಲ 15. ತೂಕ ಮಾತ್ರ 200×200×200, ಅಂದರೆ 80 ಲಕ್ಷ ಪಟ್ಟು ಇಳಿಯುತ್ತದೆ: ಸುಮಾರು 17,000 ಟನ್ ಹೋಗಿ 2.1 ಕೆ.ಜಿ. ಫ್ಲೆಕ್ಸ್ ಅಂಗಡಿಯ 3 ಮಿ.ಮೀ. ಸನ್‌ಬೋರ್ಡಿನ ಒಡಲು ಅಷ್ಟು ತೂಗದು. ಬೆಂಡಿನಂತೆ ಮೇಲೆ ತೇಲಿ ಮಗುಚುತ್ತದೆ. ಉಳಿದ ತೂಕಕ್ಕೆ ಕಬ್ಬಿಣದ ನಟ್ಟುಗಳನ್ನು ತಳದ ನಡುಗೆರೆಗೆ ಅಂಟಿಸಿ. 3.5 ಸೆಂ.ಮೀ. ಮುಳುಗಿದರೆ ಸರಿ.

ದೋಣಿಗಳ ಕೋಣೆ 25 ಸೆಂ.ಮೀ. ಉದ್ದ, 7.5 ಅಗಲ, ಅದರ ನೆಲ ನೀರಿನ ಗೆರೆಗಿಂತ 2 ಮಿ.ಮೀ. ಮೇಲಿರಲಿ. 11×3.2 ಸೆಂ.ಮೀ. ಥರ್ಮಾಕೋಲ್ ದೋಣಿಗಳು ಎರಡೆರಡಾಗಿ ಸರಿಯಾಗಿ ನಾಲ್ಕು ಕೂರುತ್ತವೆ. ನಿಜವಾದ ಹಡಗಿನ ಲೆಕ್ಕವೂ ನಾಲ್ಕೇ. ಥರ್ಮಾಕೋಲಿಗೆ ಫೆವಿಕಾಲ್ ಸಾಕು, ಸಾಲ್ವೆಂಟ್ ಅಂಟು ಅದನ್ನು ಕರಗಿಸುತ್ತದೆ.

ಆ ನೆಲದಡಿ 5×5×3 ಸೆಂ.ಮೀ.ಯ ನಾಲ್ಕು ಡಬ್ಬಿಗಳನ್ನು ಕೂರಿಸಿ, ಎಡಕ್ಕೆರಡು, ಬಲಕ್ಕೆರಡು. ಒಂದೇ ಅಗಲ ಡಬ್ಬಿ ಇಟ್ಟರೆ ನೀರೆಲ್ಲ ಒಂದು ಮಗ್ಗುಲಿಗೆ ಓಡಿ ಹಡಗು ಉರುಳುತ್ತದೆ. ಪ್ರತಿ ಡಬ್ಬಿಯ ತಳಕ್ಕೆ ಹೊರಗಿನ ನೀರಿಗೆ ತೆರೆದ 5 ಮಿ.ಮೀ. ತೂತು, ತಲೆಗೆ ಹೊಸ ಸಲೈನ್ ನಳಿಕೆ, ಅದರ ಗಾಲಿಕ್ಲಿಪ್ ಸಮೇತ. ಕ್ಲಿಪ್ ಮುಚ್ಚಿದ್ದರೆ ಒಳಗಿನ ಗಾಳಿ ನೀರನ್ನು ತಡೆಯುತ್ತದೆ. ಎರಡೂ ಬದಿಯವನ್ನು ಒಟ್ಟಿಗೆ ತೆರೆದರೆ 300 ಮಿ.ಲೀ. ಒಳನುಗ್ಗಿ ಹಿಂಭಾಗ ಸುಮಾರು ಒಂದು ಸೆಂ.ಮೀ. ತಗ್ಗುತ್ತದೆ. ಕೆಳಗೆ ಕೀಲಿರುವ ಹಿಂಬಾಗಿಲು ಇಳಿಸಿ, ದೋಣಿ ಬಿಡಿ. ಮತ್ತೆ ಏರಿಸಲು ನಳಿಕೆಯಲ್ಲಿ ಊದಿ, ಕ್ಲಿಪ್ ಬಿಗಿಯಿರಿ. ಜಲಾಶ್ವದಲ್ಲಿ ಈ ಕೆಲಸ ಒತ್ತಡದ ಗಾಳಿಯದು. ಒಂದೇ ಬದಿ ವಾಲಿದರೆ ಆ ಬದಿಯ ನಳಿಕೆಯ ಬುಡದಲ್ಲಿ ಗಾಳಿ ಸೋರುತ್ತಿದೆ, ಅರಾಲ್ಡೈಟ್ ಹಚ್ಚಿ.

ಬಣ್ಣ ಬಳಿಯುವಾಗ ಹಳೆಯ ಫೋಟೊ ನಂಬಬೇಡಿ: ಅಮೆರಿಕದಲ್ಲಿ ಸಂಖ್ಯೆ 14, ನಮ್ಮಲ್ಲಿ ಎಲ್41. ಧ್ವಜವೂ 2022ರ ಸೆಪ್ಟೆಂಬರ್ 2ರಂದು ಬದಲಾಯಿತು. ಕೆಂಪು ಶಿಲುಬೆ ಹೋಗಿ, ಶಿವಾಜಿ ಮುದ್ರೆಯಿಂದ ಬಂದ ಅಷ್ಟಕೋನ ಸೇರಿತು.

ಬಾಗಲಕೋಟೆಯವರು ಹಿನ್ನೀರು ಹತ್ತಿರವೆಂದು ಅಲ್ಲಿಗೆ ಒಯ್ಯಬೇಡಿ, ಗಾಳಿಯ ತೆರೆ ಈ ಗಾತ್ರಕ್ಕೆ ಬಿರುಗಾಳಿಯೇ. ಮನೆಯ ಸಿಮೆಂಟ್ ಟಾಕಿಯೇ ಸಮುದ್ರ.