ಆಪ್ ಬಿಡುಗಡೆ ಮಾಡುವ ಮೊದಲು ಕಣ್ಣು ಮುಚ್ಚಿ ಒಮ್ಮೆ ಬಳಸಿ ನೋಡಿ
ಆಂಡ್ರಾಯ್ಡ್ ಆಪ್ ಮಾಡುವವರಿಗೆ ಒಂದು ಸಲಹೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ, ಕಣ್ಣು ಕಾಣದವರಿಗೆ ಪರದೆ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಆನ್ ಮಾಡಿ, ಕಣ್ಣು ಮುಚ್ಚಿಕೊಂಡು ನಿಮ್ಮದೇ ಆಪ್ ಬಳಸಿ. ಬಲಕ್ಕೆ ಸ್ವೈಪ್ ಮಾಡಿದರೆ ಮುಂದಿನ ಬಟನ್ ಅಥವಾ ಬರಹ, ಎರಡು ಸಲ ತಟ್ಟಿದರೆ ಕ್ಲಿಕ್. ನಾನು ಮೊದಲ ಸಲ ಮಾಡಿದಾಗ ಕಾರ್ಟ್, ಹುಡುಕಾಟ ಎರಡಕ್ಕೂ ಬರೀ 'ಅನ್‌ಲೇಬಲ್ಡ್ ಬಟನ್' (ಹೆಸರಿಲ್ಲದ ಬಟನ್) ಅಂತ ಓದಿತು. ನಾಚಿಕೆ ಆಯ್ತು!

ಐಕಾನಿಗೆ ಕಂಟೆಂಟ್ ಡಿಸ್ಕ್ರಿಪ್ಶನ್ (ಟಾಕ್‌ಬ್ಯಾಕ್ ಓದಿ ಹೇಳುವ ಹೆಸರು) ಕೊಡಿ. 'ಹುಡುಕಿ' ಅಂತಷ್ಟೇ ಬರೆಯಿರಿ. 'ಬಟನ್' ಅನ್ನೋದನ್ನು ಟಾಕ್‌ಬ್ಯಾಕ್ ತಾನೇ ಸೇರಿಸುತ್ತದೆ, ನೀವೂ ಬರೆದರೆ ಎರಡೆರಡು ಸಲ ಕೇಳಿಸುತ್ತದೆ. ಸುಮ್ನೆ ಅಂದಕ್ಕಿರುವ ಚಿತ್ರಕ್ಕೆ ಡಿಸ್ಕ್ರಿಪ್ಶನ್ ಜಾಗದಲ್ಲಿ ನಲ್ (ಏನೂ ಇಲ್ಲ ಅಂತ) ಕೊಟ್ಟರೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಬಟನ್ ಕನಿಷ್ಠ 48 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆ) ಅಗಲ, ಎತ್ತರ ಇರಲಿ, ಕೈ ನಡುಗುವವರಿಗೂ ಸಿಗಬೇಕಲ್ವಾ?

ಹಾಂ, ಶುರು ಮಾಡುವ ಮುಂಚೆ ವಾಲ್ಯೂಮ್ ಕೀ ಶಾರ್ಟ್‌ಕಟ್ (ಎರಡೂ ವಾಲ್ಯೂಮ್ ಕೀ ಒಟ್ಟಿಗೆ ಒತ್ತಿ ಹಿಡಿದು ಟಾಕ್‌ಬ್ಯಾಕ್ ಆಫ್ ಮಾಡುವ ದಾರಿ) ಆನ್ ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ ಟಾಕ್‌ಬ್ಯಾಕ್ ಆಫ್ ಮಾಡೋಕೆ ನನ್ನ ಹಾಗೆ ಒದ್ದಾಡುತ್ತೀರಿ.